ಷೋಕಿದಾರನ ಮಚ್ಚೆ

ಕೋಲಾರ, 3-2-1938
ಬೆಳಿಗ್ಗೆಯಿಂದ ಮದುವೆ ಪತ್ರಿಕೆ. ಕಲ್ಲಚ್ಚಿನ ಕಲ್ಲಿನ ಮೇಲೆ ಅಕ್ಷರ ತಿರುಗಿಸಿ ಬರೆಯಬೇಕು, ಆಗ ಕಾಗದದಲ್ಲಿ ನೆಟ್ಟಗೆ ಬೀಳುತ್ತದೆ. ಆರು ವರ್ಷದ ಅಭ್ಯಾಸ. ಮಧ್ಯಾಹ್ನ ಪ್ರೆಸ್ಸಿನ ಯಜಮಾನರು ರಹಮತ್ತುಲ್ಲಾ ಸಾಹೇಬರು ಬಂದರು.
"ಬಚ್ಚಪ್ಪ, ಸಂತೇಲಿ ಮಾರೋಕೆ ಒಂದು ನಗೆಚಿತ್ರ ಬರಿ. ಸಾಲ ಮಾಡಿ ಷೋಕಿ ಮಾಡೋನು. ಹಿಂದೆ ಸಾಲ ಕೊಟ್ಟೋರು, ಬಾಲ ಇದ್ದಂಗೆ!"
ನಾನು ಮುಖ ಬರೆದವನಲ್ಲ. ಆದರೂ ಆಗಲಿ ಎಂದೆ.

6-2
ಕಣ್ಣು ಮುಚ್ಚಿದರೆ ಒಂದೇ ಮುಖ — ಮುಳಬಾಗಿಲಿನ ಭಾವ ಕೋದಂಡರಾಮಪ್ಪನವರು. ಚಿನ್ನದ ಕಟ್ಟಿನ ಕನ್ನಡಕ, ಪಂಪ್ ಶೂ, ಗ್ರಾಮಫೋನ್. ಎಲ್ಲ ಸಾಲ. ಅಕ್ಕನ ಓಲೆ ಅಡವಿಟ್ಟು ವಾಚ್ ತಂದರಂತೆ. ಅವಳು ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ. ನನಗೊಬ್ಬನಿಗೆ ಹೇಳಿದ್ದಳು. ಅದನ್ನೂ ಬರೆದೆ — ಮೂಲೆಯಲ್ಲಿ ಹೆಂಡತಿ, ಕಿವಿಯಲ್ಲಿ ಕಡ್ಡಿ.
ಮಚ್ಚೆಯಿಲ್ಲದೆ ಮುಖಕ್ಕೆ ಕಳೆ ಬರಲಿಲ್ಲ. ಭಾವನದು ಎಡಗೆನ್ನೆ. ಗುರುತು ಸಿಗಬಾರದೆಂದು ಕಲ್ಲಿನ ಮೇಲೆ ಬಲಗೆನ್ನೆಗೆ ಇಟ್ಟೆ.

8-2
ಮೊದಲ ಹಾಳೆ ಎತ್ತಿದೆ. ಮಚ್ಚೆ ಎಡಗೆನ್ನೆಯಲ್ಲೇ ಇದೆ! ಅಕ್ಷರ ತಿರುಗಿಸುವ ಕೈ, ಅಚ್ಚಿನಲ್ಲಿ ಮುಖವೂ ತಿರುಗುತ್ತದೆಂಬುದನ್ನು ಮರೆತಿತ್ತು. ಭಾವನೇ ಎದುರು ಕೂತು ಬರೆಸಿಕೊಂಡಂತಿದೆ.
ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಿ ಸಿಕ್ದ ಈ ಲೋಫರ್! ಐನೂರು ಪ್ರತಿ ಹೊಡಿ."
ಮಚ್ಚೆ ಕೆರೆದರೆ ಸಾಕಿತ್ತು. ಅವರು ಬೆನ್ನು ತಟ್ಟಿದರು... ಎರಡನೇ ಹಾಳೆ ಇಟ್ಟೆ.

27-2
ಅಕ್ಕ ಬಂದಿದ್ದಾಳೆ, ಮಗು, ಟ್ರಂಕು ಸಮೇತ. ಮುಳಬಾಗಿಲ ಸಂತೆಯಲ್ಲಿ ಚಿತ್ರ ಮಾರಿದ್ದಾರೆ. ಭಾವ ಬೀದಿಗಿಳಿದರೆ "ಓಲೆ ಎಲ್ಲಿ ಸ್ವಾಮಿ?" ಎನ್ನುತ್ತಾರಂತೆ. ಸಾಲ ಕೊಟ್ಟವರೆಲ್ಲ ಒಂದೇ ದಿನ ಬಾಗಿಲಿಗೆ ಬಂದರಂತೆ. ಕಡ್ಡಿಯ ವಿಷಯ ಊರಿಗೆ ಹೇಳಿದವಳು ನೀನೇ ಎಂದು ಭಾವ ಅಕ್ಕನನ್ನು ಹೊರಗೆ ಹಾಕಿದರು. ಚಿತ್ರದಲ್ಲಿ ಪ್ರೆಸ್ಸಿನ ಹೆಸರಿಲ್ಲ, ಎಲ್ಲರೂ ಬೆಂಗಳೂರಿನದು ಎಂದುಕೊಂಡಿದ್ದಾರೆ.
ಅಮ್ಮ ಕೇಳಿದಳು, "ಯಾರಿಗಾದ್ರೂ ಹೇಳಿದ್ದೇನೇ, ಆಂಜಿನಿ?"
"ಬಚ್ಚನಿಗೊಬ್ಬನಿಗೆ ಕಣಮ್ಮ. ಅವನು ಬಾಯಿ ಬಿಡೋನಾ? ಗೋಡೆಗೆ ಹೇಳ್ದಂಗೆ."
ಕೈಯಲ್ಲಿ ಮಸಿಯಿತ್ತು. ಬೆನ್ನ ಹಿಂದೆ ಇಟ್ಟುಕೊಂಡೆ.

2-3
ಅಕ್ಕ ಅಂದಳು, "ನಾಳೆ ಹೋಗಿ ಅವರಿಗೆ ಹೇಳೋ, ನಾನು ಯಾರಿಗೂ ಹೇಳ್ಲಿಲ್ಲ ಅಂತ. ನೀನು ಬರ್ತೀಯ ಅಂತ ಕಾರ್ಡ್ ಹಾಕಿದ್ದೀನಿ. ನಿನ್ನ ಮಾತು ನಂಬ್ತಾರೆ."
ಹೋಗುತ್ತೇನೆ. ಕಾಲು ಹಿಡಿದು ನಿಜ ಹೇಳುತ್ತೇನೆ.

3-3, ಸಂಜೆ
ಬಸ್ ಹತ್ತಲಿಲ್ಲ. ಹೊತ್ತು ಕಳೆದು ಮನೆಗೆ ಬಂದೆ. ಭಾವ ಮನೆಯಲ್ಲಿರಲಿಲ್ಲ ಎಂದೆ.

5-3
ಭಾವನ ಹೆಣವನ್ನು ಬಾವಿಯಿಂದ ಎತ್ತಿದರು.

22-3, ಬೆಳಿಗ್ಗೆ ಹತ್ತು
ಮುಳಬಾಗಿಲಿನಿಂದ ಅಕ್ಕನ ಪಕ್ಕದ ಮನೆಯ ದೊಡ್ಡಗಂಗಮ್ಮ ಮಾತಾಡಿಸಲು ಬಂದಿದ್ದರು. ಒಳಗಿಂದ ಕೇಳಿಸಿತು.
"ಮೂರನೇ ತಾರೀಕು ಪೂರಾ ಜಗಲಿ ಮೇಲೇ ಕೂತಿದ್ರು ಕಣಮ್ಮ. ಬಾಮೈದ ಬರ್ತಾನೆ, ಅವನ ಜತೆ ಹೋಗಿ ಆಂಜಿನೀನ ಕರ್ಕೊಂಡು ಬರ್ತೀನಿ ಅಂದ್ರು. ಕೊನೇ ಬಸ್ ಹೋಗೋವರ್ಗೂ ಎದ್ದಿಲ್ಲ."
ಅವರು ಹೋದರು. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ.
"ಬಚ್ಚಾ, ಅವತ್ತು ನೀನು ಯಾರ ಮನೆಗೆ ಹೋಗಿದ್ದೆ?"
ತಲೆ ಎತ್ತದೆ ಇದನ್ನು ಬರೆಯುತ್ತಿದ್ದೇನೆ. ಅವಳು ಹತ್ತಿರ ಬರುತ್ತಿದ್ದಾಳೆ. ಓದು ಬಲ್ಲವಳು. ಪುಸ್ತಕ ಮುಚ್ಚಿಡುವುದಿಲ್ಲ, ಈ ಸಲ —