ಗೇಟಿನ ಮಾಮೂಲಿ

ನಾರ್‌ಶೋಪಿಂಗ್, ಸ್ವೀಡನ್
೧೪ ಅಕ್ಟೋಬರ್ ೨೦೦೬

ಪ್ರೀತಿಯ ಶಂಕರಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಇಡೀ ದಿನ ಗಾರ್ಮೆಂಟ್ಸ್ ಗೇಟಿನಲ್ಲಿ ನಿಂತರೆ ಇನ್ನೇನಾಗುತ್ತದೆ. ಅತ್ತಿಗೆ ಎಣ್ಣೆ ಹಚ್ಚುವಾಗ ಗೊಣಗಬೇಡ. ನಾವು ಚೆನ್ನಾಗಿದ್ದೇವೆ. ಇವರಿಗೆ ಗೋದಾಮಿನ ಕಂಪ್ಯೂಟರ್ ಕೆಲಸ ಒಗ್ಗಿದೆ, ನಾನೂ ಮನೆ ಹತ್ತಿರವೇ ಪರದೆ ಹೊಲಿಯುವ ಸಣ್ಣ ಕಾರ್ಖಾನೆಗೆ ಸೇರಿದ್ದೇನೆ.

ಅಲ್ಲಿ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ. ಮೊನ್ನೆ ಫೀಕಾ, ಅಂದರೆ ಕಾಫಿ ಬಿಡುವಿನಲ್ಲಿ, ಬಿರ್ಗಿತ್ತಾ ಎಂಬ ಎತ್ತರದ ಹೆಂಗಸು ಬಂದಳು. ಕಾರ್ಮಿಕ ಸಂಘದವಳು ಎಂದರು. ನನ್ನ ಕೈ ತಾನಾಗಿ ಪರ್ಸಿಗೆ ಹೋಯಿತು. ನಮ್ಮಲ್ಲಿ ಸಂಘ ಎಂದರೆ ರಮಾನಂದನ ರೌಡಿಗಳು ತಾನೇ? ಮಾಮೂಲಿ ಕೊಡದವಳಿಗೆ ಮೆಷಿನ್ ಇಲ್ಲ, ಎದುರು ಮಾತಾಡಿದ ಕಾಂಚನಾಳ ಕೈಯನ್ನೇ ಮುರಿದರು. ಅವರ ಪರವಾಗಿ ಗೇಟಿನಲ್ಲಿ ಕೈ ಚಾಚುತ್ತಿದ್ದವನು ನೀನು. “ಸುಮ್ನೆ ಕೊಟ್ಟು ಹೋಗೇ ಕೋಕಿ, ನಾನೂ ಮೇಲಿನವ್ರಿಗೆ ಕೊಡ್ಬೇಕು” ಎಂದು ನನ್ನಿಂದಲೂ ತೆಗೆದುಕೊಂಡವನು. ಅದೇ ಅಭ್ಯಾಸದಲ್ಲಿ ನೋಟು ಮಡಿಚಿ ಬಿರ್ಗಿತ್ತಾಳ ಅಂಗೈಗೆ ತುರುಕಿಬಿಟ್ಟೆ. ಅವಳ ಮುಖ ಕೆಂಪಾಯಿತು. ನೋಟನ್ನು ನನ್ನ ಕೈಗೇ ವಾಪಸಿಟ್ಟು, ಪಕ್ಕದಲ್ಲಿ ಕೂತು, ಇದನ್ನು ಯಾರು ಕಲಿಸಿದರು ಎಂದಳು. ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ.

ಇಲ್ಲಿಯ ಸಂಘದವರ ಬಲ ಕೇಳಿದರೆ ನೀನು ನಂಬುವುದಿಲ್ಲ. ಪಕ್ಕದ ಬೀದಿಯ ಹೊಲಿಗೆ ಕಾರ್ಖಾನೆಯ ಮಾಲೀಕ ಕೂಲಿ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಅಷ್ಟಕ್ಕೇ ಸಂಘದ ಮಾತಿನ ಮೇಲೆ ಲಾರಿಯವರು ಬಟ್ಟೆ ತರುವುದನ್ನು ನಿಲ್ಲಿಸಿದರು, ಕಸದವರು ಅವನ ಕಸ ಮುಟ್ಟಲಿಲ್ಲ. ಯಾರೂ ಕೈ ಎತ್ತಲಿಲ್ಲ, ಕೂಗಲೂ ಇಲ್ಲ. ಸಂಘದ ಇಬ್ಬರು ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಕೊನೆಗೆ ಮಾಲೀಕನೇ ಅವರನ್ನು ಒಳಗೆ ಕರೆದು ಸಹಿ ಹಾಕಿದ. ಇಷ್ಟು ದೊಡ್ಡ ಶಕ್ತಿ ಇಷ್ಟು ಮೆತ್ತಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಅಣ್ಣಾ. ಮನೆಗೆ ಬಂದು ಇವರಿಗೆ ಹೇಳುವಾಗಲೂ ಮೈ ಜುಮ್ಮೆನ್ನುತ್ತಿತ್ತು. ಇವರು, “ಮೊದ್ಲು ಸ್ಟೋವ್ ಆಫ್ ಮಾಡು, ಅನ್ನ ಸೀದೋಯ್ತು” ಎಂದರು.

ಅತ್ತಿಗೆಗೆ ನನ್ನ ನಮಸ್ಕಾರ, ಅವನಿ ಪುಟ್ಟಿಯ ಕೆನ್ನೆಗೆ ಅತ್ತೆಯ ಮುತ್ತು. ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ,
ಕೋಕಿಲಾ

ತಾ.ಕ.: ನಿಮ್ಮ ಗಾರ್ಮೆಂಟ್ಸಿನ ಅಂಗಿಗಳು ಮಾರಾಟವಾಗುವುದು ಇಲ್ಲಿಯ ಅಂಗಡಿಗಳಲ್ಲೇ. ಅದಕ್ಕೇ ಬಿರ್ಗಿತ್ತಾ ಮುಂದಿನ ತಿಂಗಳು ವಿಚಾರಣೆಗೆ ಅಲ್ಲಿಗೆ ಬರುತ್ತಿದ್ದಾಳೆ. ಹೆಸರು ಕೇಳಿದಳು, ರಮಾನಂದನದು ಹೇಳಿದೆ. ಗೇಟಿನಲ್ಲಿ ತೆಗೆದುಕೊಳ್ಳುತ್ತಿದ್ದವನು ಯಾರು ಎಂದಳು, ನಿನ್ನದೂ ಹೇಳಿದೆ. ಗೊತ್ತಾದರೆ ರಮಾನಂದನ ಕಡೆಯವರು ಬಿಡುವುದಿಲ್ಲ, ಅತ್ತಿಗೆಯನ್ನೂ ಮಗುವನ್ನೂ ಈಗಲೇ ತವರಿಗೆ ಕಳಿಸು. ನೀನು ಮಾತ್ರ ಓಡಿಹೋಗಬೇಡ, ಅವಳು ಬಂದಾಗ ನೀನೇ ಮೊದಲು ಹೋಗಿ ಎಲ್ಲ ಹೇಳು. ಕೋಕಿಲಾಳ ಅಣ್ಣ ಎಂದರೆ ಸಾಕು, ಗುರುತು ಹಿಡಿಯುತ್ತಾಳೆ.