ಬಾಚಣಿಗೆ ಮರಕ್ಕೆ ಗಂಧದ ವಾಸನೆ ಬಂದ ಬಗೆ

ಸರ್ಕಾರಿ ಪ್ರಯೋಗಾಲಯದ ಮುಖ್ಯಾಧಿಕಾರಿಗಳೇ,

ಹುಣಸೂರಿನಲ್ಲಿ ಬಾಚಣಿಗೆ ಮಾಡುವ ಜಾನ್ ಪಾಷಾ ಅವರ ಅಂಗಡಿಯ ಮರದಲ್ಲಿ ಗಂಧದೆಣ್ಣೆ ಸಿಕ್ಕಿತೆಂದು ತಾವು ಬರೆದುಕೊಟ್ಟಿದ್ದೀರಿ. ಆ ಎಣ್ಣೆ ಮರದ್ದೋ ತಮ್ಮ ಬಟ್ಟಿ ಇಳಿಸುವ ಹಂಡೆಯದೋ ಎಂಬುದನ್ನು ಮಾತ್ರ ತಾವು ನೋಡಿಲ್ಲ. ಬರುವ ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ತಮ್ಮ ವರದಿ ಓದುತ್ತಾರೆ. ಓದಿದ ಮೇಲೆ ಪಾಷಾ ಜೈಲಿಗೆ ಹೋಗುತ್ತಾರೆ. ಅದಕ್ಕೇ ಈ ಪತ್ರವನ್ನು ತಮ್ಮ ಕಚೇರಿಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು, ಇದು ಎಲ್ಲರಿಗೂ ಗೊತ್ತು. ಪಾಷಾ ಬಾಚಣಿಗೆ ಕೊಯ್ಯುವುದು ಹಾಲೆಮರದಲ್ಲಿ. ಅದು ಬೆಳ್ಳಗಿರುತ್ತದೆ. ಗಂಧದ ಮರದ ಹೊರಭಾಗವೂ ಬೆಳ್ಳಗೇ ಇರುತ್ತದೆ. ಫಾರೆಸ್ಟ್ ಗಾರ್ಡಿಗೆ ಅನುಮಾನ ಬಂತು. ಚೆಕ್ಕೆಗಳನ್ನು ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಿದರು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಅನುಮಾನಪಡಲೆಂದೇ ಅವರಿಗೆ ಸಂಬಳ. ಬೀದಿಯಲ್ಲಿ ಆಗ ರುಜು ಹಾಕಲು ಬರುವವನು ನಾನೊಬ್ಬನೇ ಸಿಕ್ಕಿದ್ದರಿಂದ ಮಹಜರಿಗೆ ಸಾಕ್ಷಿಯಾದೆ. ಮುದ್ರೆ ಒಡೆಯುವಾಗಲೂ ಇರಬೇಕೆಂದು ಗಾರ್ಡಿನ ಜೊತೆ ಮೈಸೂರಿನ ತಮ್ಮ ಪ್ರಯೋಗಾಲಯಕ್ಕೆ ಬಂದೆ.

ತಮ್ಮ ತಾಮ್ರದ ಹಂಡೆಯಲ್ಲಿ ಬೇರೊಂದು ಮೊಕದ್ದಮೆಯ ಅಸಲಿ ಗಂಧದ ಪುಡಿ ಬೇಯುತ್ತಿತ್ತು. ಹಬೆ ಸುರುಳಿ ಕೊಳವೆಯಲ್ಲಿ ತಣಿದು, ನೀರೂ ಎಣ್ಣೆಯೂ ಆಗಿ ಶೀಸೆಗೆ ತೊಟ್ಟಿಕ್ಕುತ್ತಿತ್ತು. ಮುಗಿದ ಮೇಲೆ ಹಂಡೆಗೆ ಒಂದು ಚೊಂಬು ತಣ್ಣೀರು ಸುರಿದು ಚೆಲ್ಲಿದರು. ಕೊಳವೆಯನ್ನು ಮುಟ್ಟಲೇ ಇಲ್ಲ. ಅದೇ ಹಂಡೆಗೆ ಪಾಷಾ ಅವರ ಮರದ ಪುಡಿ ಬಿತ್ತು. ಕೊಳವೆಯಲ್ಲಿ ಹಳೆಯ ಎಣ್ಣೆ ಉಳಿದಿರುವುದಿಲ್ಲವೇ ಎಂದು ಕೇಳಿದೆ.

“ತೊಳ್ದಿದ್ದೀವಲ್ಲಪ್ಪ, ನಿಂಗೇನು ಅದ್ರಲ್ಲಿ ಕಾಪಿ ಕಾಯ್ಸಿ ಕೊಡಬೇಕಾ?” ಎಂದರು ತಮ್ಮ ಸಹಾಯಕರು. ಎಷ್ಟನೇ ಕ್ಲಾಸು ಓದಿದ್ದೀಯೆಂದೂ ಕೇಳಿದರು. ಹೇಳಿದೆ. ನಕ್ಕರು.

ನಾನು ಸ್ಕೂಲು ಬಿಟ್ಟವನು, ನಿಜ. ರಸಾಯನಶಾಸ್ತ್ರದ ಪಾಠ ಬರುವ ಮೊದಲೇ ಬಿಟ್ಟೆ. ಆದರೆ ಬೆಳ್ಳುಳ್ಳಿ ಅರೆದ ಒರಳಿನಲ್ಲೇ ತೆಂಗಿನಕಾಯಿ ಅರೆದು, ಈ ಕಾಯಿಯೊಳಗೆ ಬೆಳ್ಳುಳ್ಳಿ ಇತ್ತೆಂದು ತೀರ್ಪು ಕೊಡಲು ಎಷ್ಟು ವರ್ಷ ಓದಬೇಕು, ಸ್ವಾಮಿ?

ಹಿಂದಿರುಗಿದ ಮೇಲೆ ಪಾಷಾ ಅವರ ಹೆಂಡತಿ ಖಮರುನ್ನೀಸಾ ಕರೆಸಿದರು. ಪಿರಿಯಾಪಟ್ಟಣದ ಗಾಡಿಯವನಿಂದ ಹಾಲೆಮರ ಕೊಂಡಾಗ ನಾನೂ ಅಲ್ಲಿದ್ದೆನೆಂದು ಕೋರ್ಟಿನಲ್ಲಿ ಹೇಳಬೇಕೆಂದು ಬೇಡಿಕೊಂಡರು.

“ನಾನು ನೋಡಿಲ್ಲ ಕಣಮ್ಮ,” ಎಂದೆ.

“ನಮ್ಮ ಯಜಮಾನ್ರು ಕಳ್ಳರಲ್ಲ ಅಂತ ನಿಂಗೆ ಗೊತ್ತಲ್ಲ. ಗೊತ್ತಿದ್ದೂ ಬಾಯಿ ಮುಚ್ಕೊಂಡಿರೋದು ಯಾವ ಸೀಮೆ ನಿಜ?”

ಆದರೂ ಒಪ್ಪಿಕೊಳ್ಳದೆ ಎದ್ದು ಬಂದೆ. ಈಗ ಅವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಮ್ಮಪ್ಪ ಕಂಠಪ್ಪನವರಂತೂ, ಒಂದು ಮಾತು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾರೆ. ನೋಡದ್ದನ್ನು ನೋಡಿದೆನೆನ್ನಬಾರದೆಂಬ ಕಟ್ಟಳೆ ನಮ್ಮ ಬೀದಿಯವರಿಗೆ ಮಾತ್ರವೋ, ಮೊಹರು ಇಟ್ಟುಕೊಂಡವರಿಗೂ ಉಂಟೋ?

ನನ್ನ ಕೇಳಿಕೆ ಇಷ್ಟೇ. ಸೋಮವಾರದೊಳಗೆ ಅದೇ ಹಂಡೆಯಲ್ಲಿ ಗಂಧ ಬೇಯಿಸಿ, ಎಂದಿನಂತೆ ತೊಳೆದು, ಮರವನ್ನೇ ಹಾಕದೆ ಬರೀ ನೀರನ್ನು ಬಟ್ಟಿ ಇಳಿಸಿ. ಶೀಸೆ ಮೂಸಿ ನೋಡಿ. ವಾಸನೆ ಬಾರದಿದ್ದರೆ ನನ್ನ ಮಾತು ತಪ್ಪೆಂದು ಇದೇ ಪತ್ರಿಕೆಯಲ್ಲಿ ಬರೆಯುತ್ತೇನೆ. ಪಾಷಾ ಅವರ ಬಾಗಿಲಿಗೆ ಹೋಗಿಯೂ ಹೇಳುತ್ತೇನೆ. ವಾಸನೆ ಬಂದರೆ ತಮ್ಮ ವರದಿಯನ್ನು ಹಿಂದಕ್ಕೆ ಪಡೆಯಿರಿ. ಇಲ್ಲವೇ ಆ ನೀರು ಯಾವ ಕಾಡಿಗೆ ನುಗ್ಗಿ ಗಂಧ ಕದ್ದಿತೆಂದು ಮೊಹರು ಹಾಕಿ ಬರೆದುಕೊಡಿ.

ಇಂತಿ,
ಎರಡು ಕಡೆಯವರಿಗೂ ಬೇಡವಾದ ಸಾಕ್ಷಿ,
ರುದ್ರಸ್ವಾಮಿ, ಹುಣಸೂರು