ಕೊನೆಯ ಮೆಟ್ಟಿಲಿನ ಬರಹ

ಗುರುವಾರ, ಮಧ್ಯಾಹ್ನ

ಮನೆ ಮಾರಲು ಹೊರಟ ಯಜಮಾನರಿಗೆ,

ನಿಮ್ಮ ಹೆಂಡತಿ, ನೀವೇ ಹೆಸರಿಟ್ಟ ‘ಸೂಜಿ’, ಬರೆಯುತ್ತಿದ್ದೇನೆ. ಅವಸರದ ಬರಹ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದಿ. ಅವಸರ ಹೆದರಿಕೆಯದಲ್ಲ, ಖುಷಿಯದು!

ನೀವು ಗೊತ್ತುಮಾಡಿದ ಗಿರಾಕಿ ಇವತ್ತು ಬೆಳಿಗ್ಗೆ ವಕೀಲರನ್ನು ಕರೆದುಕೊಂಡು ಬಂದಿದ್ದರು. ಎರಡು ವರ್ಷದಿಂದ ಬೇರೆ ಊರಿನಲ್ಲಿರುವ ನೀವು ನನಗೊಂದು ಮಾತೂ ಹೇಳದೆ ಮನೆ ಮಾರುತ್ತಿದ್ದೀರೆಂದು ಹೋದ ತಿಂಗಳು ಅವರ ಬಾಯಿಂದಲೇ ಗೊತ್ತಾಗಿತ್ತು. ಅವತ್ತು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮನೆ ಹೋದರೆ ಮುಂದಿನ ಕೋಣೆ ಹೋಯಿತು, ಕೋಣೆ ಹೋದರೆ ನನ್ನ ಹೊಲಿಗೆ ಅಂಗಡಿ, ನನ್ನ ಅನ್ನ.

ಪಕ್ಕದ ಮನೆಯ ಮೇಸ್ತ್ರಿಯಣ್ಣ ಸುಮ್ಮನೆ ಕೂರಲಿಲ್ಲ. ಆ ಕೋಣೆ ಕಟ್ಟಿದ ಕೂಲಿ ಇನ್ನೂ ಬಂದಿಲ್ಲವೆಂದು ಮನೆಯ ಮೇಲೆ ತಮ್ಮ ಹಕ್ಕು ದಾಖಲಿಸಿದರು. ಅದು ತೀರುವ ತನಕ ಮಾರಾಟವಿಲ್ಲ. ಅಂಥ ಮಾತೇ ಆಗಿಲ್ಲ, ಆಗಿದ್ದರೆ ಕಾಗದ ತೋರಿಸಲಿ ಎಂದು ನೀವು ವಕೀಲರಿಗೆ ಹೇಳಿದಿರಂತೆ. ಅವರು ಕೂಲಿ ಹೇಳಿದಾಗ ಕಾಂಪೌಂಡ್ ಗೋಡೆಗೆ ಒರಗಿಕೊಂಡು ತಲೆ ಆಡಿಸಿದ್ದು ಅಷ್ಟು ಬೇಗ ಮರೆತಿರಾ?

ಮೇಸ್ತ್ರಿಯಣ್ಣನಿಗೂ ಕಾಗದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರದು ಎಲ್ಲ ಬಾಯಿಮಾತಿನ ಒಪ್ಪಂದ. ಆದರೆ ಕೆಲಸ ಮುಗಿದ ದಿನ ಕೊನೆಯ ಮೆಟ್ಟಿಲಿನ ಹಸಿ ಸಿಮೆಂಟಿನ ಮೇಲೆ ಮನೆಯ ಯಜಮಾನರಿಂದ ಮೊಳೆಯಲ್ಲಿ ತಾರೀಕು ಬರೆಸುವುದು ಅವರ ಪದ್ಧತಿ. ನೀವೂ ತಾರೀಕಷ್ಟೇ ಬರೆದಿದ್ದರೆ ಇವತ್ತು ಗೆದ್ದುಬಿಡುತ್ತಿದ್ದಿರಿ. ಓಣಿಯ ಜನ ನೋಡುತ್ತಿದ್ದರಲ್ಲ, ದೊಡ್ಡಸ್ತಿಕೆಗೆ ಇನ್ನೊಂದು ಸಾಲು ಗೀಚಿದಿರಿ.

ವಕೀಲರು ಆಧಾರ ಕೇಳಿದಾಗ ಮೇಸ್ತ್ರಿಯಣ್ಣ ಹೇಳಿದ್ದು ಇಷ್ಟೇ: “ಕಾಗದ ಇಲ್ಲ ಸ್ವಾಮಿ. ಮೆಟ್ಟಿಲಿದೆ, ಓದ್ಕೊಳ್ಳಿ.”

ನಾನು ಕಾಲೊರಸು ಎತ್ತಿದೆ. ಇಷ್ಟು ದಿನ ಗುಡಿಸಿದವಳು ನಾನೇ, ಒಂದು ದಿನವೂ ಓದಿರಲಿಲ್ಲ ನೋಡಿ! ವಕೀಲರು ಮೊಣಕಾಲೂರಿ, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು. “ಪೂರ್ತಿ ಕೂಲಿ ಕೊಡುವವರೆಗೆ ಈ ಮನೆಯೇ ಹೊಣೆ.” ಕೆಳಗೆ ನಿಮ್ಮ ರುಜು, ಬಾಲ ಸುತ್ತಿದ ಅದೇ ರುಜು. ಗಿರಾಕಿ ಆಮೇಲೆ ವಕೀಲರನ್ನು ಇಲ್ಲೇ ಬಿಟ್ಟು, ನೀರು ಕೂಡ ಕುಡಿಯದೆ ಕಾರು ಹತ್ತಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಿಮ್ಮ ಮಾತು ಮಾತ್ರ ಎಲ್ಲಿಗೂ ಹೋಗಿಲ್ಲ, ಬಾಗಿಲಲ್ಲೇ ಗಟ್ಟಿಯಾಗಿ ಕೂತಿದೆ.

ನಿಮ್ಮ ಮೇಲೆ ಬೆಟ್ಟದಷ್ಟು ಸಿಟ್ಟಿದೆ. ಆದರೂ ಮಾತಾಡುವುದಿದ್ದರೆ ಬನ್ನಿ, ಬಾಗಿಲು ಹಾಕಿಕೊಳ್ಳುವವಳಲ್ಲ ನಾನು. ಕಾಲೊರಸು ತೆಗೆದಿಟ್ಟಿದ್ದೇನೆ. ನಿಮ್ಮ ಅಕ್ಷರ ತುಳಿದುಕೊಂಡೇ ಒಳಗೆ ಬರಬೇಕು.

ಇಂತಿ,
ಇದ್ದಲ್ಲೇ ಇರುವ
ಸೂಜಿ

ಮರೆತಿದ್ದೆ: ಮೇಸ್ತ್ರಿಯಣ್ಣನ ಹತ್ತಿರ ಚೌಕಾಸಿಗೆ ಹೋಗಬೇಡಿ. ಈ ಎರಡು ವರ್ಷ ಅವರ ಮನೆಮಂದಿಯ ಬಟ್ಟೆಯೆಲ್ಲ ಕಾಸು ಮುಟ್ಟದೆ ಹೊಲಿದುಕೊಟ್ಟವಳು ನಾನು. ಲೆಕ್ಕ ಆಮೇಲೆ ನೋಡಿಕೊಳ್ಳೋಣ ಎಂದು ನಾನೂ ಅವರೂ ಅದೇ ಗೋಡೆಯ ಹತ್ತಿರ ಆಡಿಕೊಂಡ ಮಾತು. ಇವತ್ತು ಕಾರು ಹೋದ ಮೇಲೆ ಅವರು ಆ ಮಾತು ಉಳಿಸಿಕೊಂಡರು, ಹೊಲಿಗೆಗೆ ಬದಲಾಗಿ ಕೂಲಿ ಬಾಕಿಯ ಆ ಹಕ್ಕನ್ನೇ ನನ್ನ ಹೆಸರಿಗೆ ಮಾಡಿಕೊಟ್ಟರು. ಈ ಸಲ ಕಾಗದದ ಮೇಲೆ, ಅದೇ ವಕೀಲರ ಎದುರಿಗೆ. ಇನ್ನು ಮನೆ ಮಾರಬೇಕಾದರೆ ನೀವು ನನ್ನನ್ನು ಕೇಳಬೇಕು.